ಮುದ್ರಕ ಫ್ರಾಂಕ್ಲಿನ್ನನ ತಪ್ಪು-ಒಪ್ಪು

ಪುಸ್ತಕ ಅಚ್ಚಾಗಿ ಮುಗಿದ ಮೇಲೆ ಕೊನೆಯಲ್ಲಿ 'ತಪ್ಪು-ಒಪ್ಪು' ಎಂಬ ಪಟ್ಟಿಯೊಂದನ್ನು ಸೇರಿಸುವುದುಂಟು. ಮೊಳೆ ಜೋಡಿಸುವಾಗ ಕಣ್ತಪ್ಪಿ ಉಳಿದುದನ್ನು ಓದುಗನ ಮುಂದೆ ಒಪ್ಪಿಕೊಂಡು ತಿದ್ದುವ ಕ್ರಮವದು. ತನ್ನ ಬಾಳಿನ ದೋಷಗಳನ್ನೂ ಇದೇ ಹೆಸರಿನಿಂದ ಕರೆದವನು ಬೆಂಜಮಿನ್ ಫ್ರಾಂಕ್ಲಿನ್. ಮಿಂಚಿನ ಮರ್ಮವನ್ನರಿತ ವಿಜ್ಞಾನಿ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಮಾಡಿದ ಮುತ್ಸದ್ದಿ ಎಂದು ಲೋಕ ಅವನನ್ನು ಬಲ್ಲುದು. ಆದರೆ 1788ರಲ್ಲಿ ಉಯಿಲು ಬರೆದಾಗ ಬಿರುದುಗಳಿಗಿಂತ ಮೊದಲು ಅವನು ತನಗೆ ಕೊಟ್ಟುಕೊಂಡ ಹೆಸರು 'ಮುದ್ರಕ' ಎಂಬುದೇ.

1706ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಅವನ ತಂದೆಗೆ ಒಟ್ಟು ಹದಿನೇಳು ಮಕ್ಕಳು. ಹನ್ನೆರಡನೆಯ ವಯಸ್ಸಿಗೆ ಹುಡುಗ ಅಣ್ಣ ಜೇಮ್ಸನ ಅಚ್ಚುಕೂಟಕ್ಕೆ ಸೇರಿದ. ಇಪ್ಪತ್ತೊಂದು ತುಂಬುವವರೆಗೆ ದುಡಿಯಬೇಕೆಂಬುದು ಕರಾರು. 1721ರಲ್ಲಿ ಜೇಮ್ಸ್ 'ನ್ಯೂ ಇಂಗ್ಲೆಂಡ್ ಕೊರಾಂಟ್' ಎಂಬ ಪತ್ರಿಕೆಯನ್ನು ಆರಂಭಿಸಿದ. ಅಧಿಕಾರಿಗಳನ್ನು ಕೆಣಕಿ ಸೆರೆಮನೆ ಕಂಡ. ಅವನು ಪತ್ರಿಕೆ ಹೊರಡಿಸಕೂಡದೆಂಬ ಆಜ್ಞೆ ಬಂದಾಗ ಅದು ತಮ್ಮನ ಹೆಸರಿನಲ್ಲಿ ಹೊರಟಿತು. ಅದಕ್ಕಾಗಿ ಹಳೆಯ ಕರಾರನ್ನು ಬಹಿರಂಗವಾಗಿ ರದ್ದುಮಾಡಿ, ಹೊಸದೊಂದನ್ನು ಗುಟ್ಟಾಗಿ ಬರೆಸಬೇಕಾಯಿತು. ಅಣ್ಣನ ಹೊಡೆತಗಳಿಂದ ಬೇಸತ್ತಿದ್ದ ತಮ್ಮ, ಆ ಗುಟ್ಟಿನ ಕರಾರನ್ನು ಅಣ್ಣ ಹೊರಗೆ ತೋರಿಸಲಾರನೆಂದು ತಿಳಿದೇ 1723ರಲ್ಲಿ ಓಡಿಹೋದ. ಅವನ ಪಟ್ಟಿಯ ಮೊದಲ ತಪ್ಪು ಇದು.

ಫಿಲಡೆಲ್ಫಿಯಾದಲ್ಲಿ ಅವನು 1729ರಲ್ಲಿ 'ಪೆನ್ಸಿಲ್ವೇನಿಯಾ ಗೆಜೆಟ್' ಪತ್ರಿಕೆಯನ್ನು ಕೈಗೆ ತೆಗೆದುಕೊಂಡ. ಮನೆ, ಅಂಗಡಿ, ಅಚ್ಚುಕೂಟ ಒಂದೇ ಸಂಸಾರವಾಯಿತು. ಹೆಂಡತಿ ಡೆಬೊರಾ ಅಂಗಡಿ ನೋಡಿಕೊಂಡು, ಹಾಳೆ ಮಡಿಸಿ ಹೊಲಿದು, ಕಾಗದ ಮಾಡುವವರಿಗಾಗಿ ಹಳೆಯ ಬಟ್ಟೆಯ ಚಿಂದಿಯನ್ನು ಕೊಳ್ಳುತ್ತಿದ್ದಳು. ಮುಂದೆ ಕಾಯಿಲೆಯಲ್ಲಿದ್ದ ಜೇಮ್ಸನನ್ನು ತಮ್ಮ ಹೋಗಿ ಕಂಡ. ತಾನು ಸತ್ತರೆ ಮಗನಿಗೆ ಮುದ್ರಣ ಕಲಿಸಬೇಕೆಂದು ಅಣ್ಣ ಕೇಳಿಕೊಂಡ. 1735ರಲ್ಲಿ ಜೇಮ್ಸ್ ತೀರಿಕೊಂಡ. ಫ್ರಾಂಕ್ಲಿನ್ ಆ ಹುಡುಗನನ್ನು ಶಾಲೆಗೆ ಕಳಿಸಿ, ಕಸುಬು ಕಲಿಸಿ, ಕೊನೆಗೆ ಹೊಸ ಅಚ್ಚುಮೊಳೆಗಳನ್ನು ಕೊಟ್ಟು ನೆಲೆಗೊಳಿಸಿದ. ಅಣ್ಣನಿಗೆ ತಪ್ಪಿಸಿದ ದುಡಿಮೆಯ ಋಣ ಹೀಗೆ ತೀರಿತು.

ಆದರೆ ಎಲ್ಲ ತಪ್ಪುಗಳಿಗೂ ಒಪ್ಪು ದೊರೆಯುವುದಿಲ್ಲ. 1771ರಲ್ಲಿ ಅವನು ಆತ್ಮಕಥೆಯನ್ನು ಮಗ ವಿಲಿಯಂನಿಗೆ ಬರೆದ ಪತ್ರದ ರೂಪದಲ್ಲೇ ಆರಂಭಿಸಿದ್ದ. ಐದೇ ವರ್ಷಗಳಲ್ಲಿ ಯುದ್ಧ ಅವರಿಬ್ಬರನ್ನು ಬೇರೆಮಾಡಿತು. ನ್ಯೂಜೆರ್ಸಿಯ ಗವರ್ನರಾಗಿದ್ದ ಮಗ ದೊರೆಯ ಪಕ್ಷದಲ್ಲಿ ನಿಂತು 1776ರಲ್ಲಿ ಬಂಧಿತನಾದ. ತಂದೆ ಸ್ವಾತಂತ್ರ್ಯದ ಪಕ್ಷ. 1784ರಲ್ಲಿ ಮಗ ರಾಜಿಗಾಗಿ ಪತ್ರ ಬರೆದಾಗ, ಮುಪ್ಪಿನಲ್ಲಿ ಏಕಮಾತ್ರ ಪುತ್ರನು ಕೈಬಿಟ್ಟದ್ದಕ್ಕಿಂತ ದೊಡ್ಡ ನೋವು ತನಗಿಲ್ಲವೆಂದು ತಂದೆ ಉತ್ತರಿಸಿದ. ಮರುವರ್ಷ ಇಂಗ್ಲೆಂಡಿನಲ್ಲಿ ಕೆಲವು ದಿನ ಭೇಟಿಯಾದರು. ಜಮೀನು ಸಾಲಗಳ ಲೆಕ್ಕ ಚುಕ್ತವಾಯಿತು, ಮನಸ್ಸಿನದು ಆಗಲಿಲ್ಲ. ಉಯಿಲಿನಲ್ಲಿ ಮಗನಿಗೆ ಹೆಚ್ಚೇನೂ ಕೊಡದೆ, ಯುದ್ಧಕಾಲದ ಅವನ ನಡತೆಯೇ ಕಾರಣವೆಂದು ಸ್ಪಷ್ಟವಾಗಿ ಬರೆದ. ಅಣ್ಣನೊಡನೆ ತಾನು ತಪ್ಪಿದವನಾಗಿದ್ದರಿಂದ ತಿದ್ದುವುದು ಅವನ ಕೈಯಲ್ಲಿತ್ತು. ಇಲ್ಲಿ ಅವನು ಕ್ಷಮಿಸಬೇಕಾದವನಾಗಿದ್ದ. ತಪ್ಪನ್ನು ತಿದ್ದಿಕೊಳ್ಳಬಲ್ಲ ಹಿರಿಯರಿಗೂ ಕ್ಷಮೆ ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಚ್ಚುಮೊಳೆಗಳು ಮಗನನ್ನು ದಾಟಿ ಮೊಮ್ಮಗನಿಗೆ ಸೇರಿದವು. ಮಗಳು ಸಾರಳ ಮಗ ಬೆಂಜಮಿನ್ ಬಾಷ್ ಏಳು ವರ್ಷದ ಬಾಲಕನಾಗಿ ತಾತನೊಡನೆ ಫ್ರಾನ್ಸಿಗೆ ಹೋಗಿದ್ದವನು. ಅಲ್ಲಿಯೇ ಮುದ್ರಣ ಕಲಿತವನು. 1790ರ ಏಪ್ರಿಲಿನಲ್ಲಿ ತಾತ ಎಂಬತ್ತನಾಲ್ಕರ ತುಂಬುಬಾಳು ಮುಗಿಸಿದ; ಅದೇ ವರ್ಷ ಮೊಮ್ಮಗನ ಪತ್ರಿಕೆ ಹೊರಟಿತು. ಸರ್ಕಾರವನ್ನು ಟೀಕಿಸಿದ್ದಕ್ಕೆ 1798ರಲ್ಲಿ ಅವನ ಬಂಧನವೂ ಆಯಿತು. ವಿಚಾರಣೆಗೆ ಮೊದಲೇ, ಆ ವರ್ಷದ ಹಳದಿ ಜ್ವರ ಅವನನ್ನು ಒಯ್ದಿತು. ಅವನು ಹಿಡಿದದ್ದು ತಾತನಿಗೆ ಮೊಳೆ ಜೋಡಿಸಲು ಕಲಿಸಿದ ಜೇಮ್ಸನ ದಾರಿಯನ್ನೇ.