ತೊಟ್ಟಿಕ್ಕುವ ಜಾಗ ಒಂದು, ಸೋರುವ ಜಾಗ ಇನ್ನೊಂದು

(ಆರೋಗ್ಯಮಾತೆಯ ನವೇನದ ಮೊದಲ ದಿನ, ವಾಹನಗಳ ಆಶೀರ್ವಾದಕ್ಕೆ ಮುನ್ನ ನೀಡಿದ ಪ್ರಬೋಧನೆ)



ನವೇನ ಇಂದು ಆರಂಭವಾಗಿದೆ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ನಾವೆಲ್ಲರೂ ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಹೊರಡುತ್ತೇವೆ. 2019ರಲ್ಲಿ ಕಿರು ಬಸಿಲಿಕ ಎಂಬ ಗೌರವ ಪಡೆದ ಪುಣ್ಯಕ್ಷೇತ್ರ ಅದು. ಹಿಂದೆ ಬಸ್ಸಿಗೆ ಕಾದು ಹೋಗುತ್ತಿದ್ದ ಮನೆಗಳಲ್ಲಿ ಈಗ ಒಂದು ಕಾರು ಇದೆ. ಹೆಚ್ಚಿನವು ಸೆಕೆಂಡ್ ಹ್ಯಾಂಡ್ ಕಾರುಗಳು. ಅಜ್ಜಿಯಿಂದ ಮೊಮ್ಮಗುವಿನವರೆಗೆ ಏಳು ಮಂದಿ ಐದು ಜನರ ಕಾರಿನಲ್ಲಿ ಕೂರುವುದೂ ನಮಗೆ ಗೊತ್ತು, ಆ ಮಾತು ಇನ್ನೊಂದು ದಿನ ಆಡೋಣ.

ಇಂದು ಕಾರಿನಡಿ ಬೀಳುವ ತೊಟ್ಟಿನ ಬಗ್ಗೆ ಮಾತನಾಡೋಣ. ಹಬ್ಬದ ದಿನಗಳಲ್ಲಿ ಫಾದರ್ ಇದೇನು ಮೆಕ್ಯಾನಿಕ್ ಮಾತು ತೆಗೆದರು ಎನ್ನಬೇಡಿ. 2007ರಲ್ಲಿ ವ್ಯಾಟಿಕನ್ ರಸ್ತೆ ಬಳಸುವವರ ಪಾಲನೆಯ ಕುರಿತು ಮಾರ್ಗಸೂಚಿ ಹೊರಡಿಸಿದಾಗ ಚಾಲಕರಿಗೆಂದೇ ಹತ್ತು ಆಜ್ಞೆಗಳನ್ನು ಕೊಟ್ಟಿತು. ಅದರಲ್ಲಿ ಮೊದಲನೆಯದು ನಾವು ಧರ್ಮೋಪದೇಶದಲ್ಲಿ ಐದನೆಯದಾಗಿ ಕಲಿತದ್ದೇ: ಕೊಲ್ಲಬೇಡ.

ನಿಧಾನವಾಗಿ ಸೋರುವ ಕಾರಿಗೆ ನಾವು ಸಾಮಾನ್ಯವಾಗಿ ಮಾಡುವುದೇನು? ಕಡಿಮೆಯಾದಷ್ಟು ಸುರಿಯುತ್ತೇವೆ. ಎರಡು ವಾರಕ್ಕೊಮ್ಮೆ ಅರ್ಧ ಲೀಟರ್. ಸುರಿದ ಮೇಲೆ ಮಟ್ಟ ಸರಿಯಾಗಿ ಕಾಣುವುದರಿಂದ ರಿಪೇರಿಯೇ ಆಯಿತೆಂದು ಮನಸ್ಸಿಗೆ ಸಮಾಧಾನ. ಭದ್ರಾ ನಾಲೆಯ ಕೊನೆಯ ಭಾಗದ ರೈತರನ್ನು ಕೇಳಿ, ಅವರು ಒಪ್ಪುವುದಿಲ್ಲ. ಗದ್ದೆಗೆ ನೀರು ಬರದಿದ್ದರೆ ಅವರು ನಾಲೆಯ ಗುಂಟ ಮೇಲಕ್ಕೆ ನಡೆಯುತ್ತಾರೆ. ಬದುವಿನ ಕೆಳಗೆ ಕೆಸರಾದ ಜಾಗದಲ್ಲೇ ಏಡಿ ಬಿಲ ಇರಬೇಕೆಂದಿಲ್ಲ. ನೀರು ಒಳಗೊಳಗೇ ಹರಿದು ಹತ್ತಡಿ ಆಚೆ ಹೊರಗೆ ಬಂದಿರುತ್ತದೆ. ಕಾರಿನಲ್ಲೂ ಹಾಗೆಯೇ. ಎಣ್ಣೆ ಇಂಜಿನ್ನಿನ ಮೇಲ್ಭಾಗದ ಗ್ಯಾಸ್ಕೆಟ್‌ನಿಂದ ಒಸರಿ, ಓಡುವಾಗಿನ ಗಾಳಿಗೆ ಹಿಂದಕ್ಕೆ ಸರಿದು, ತಳದ ಯಾವುದೋ ಬೋಲ್ಟಿನ ತುದಿಯಲ್ಲಿ ತೊಟ್ಟಾಗುತ್ತದೆ. ಆ ಬೋಲ್ಟನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ.

ಆದ್ದರಿಂದ ಮೊದಲು ತೊಳೆಯಬೇಕು. ಹಳೆಯ ಜಿಡ್ಡು ಇರುವಷ್ಟು ದಿನ ಹೊಸ ಸೋರಿಕೆ ಕಾಣುವುದಿಲ್ಲ. ತೊಳೆದು ಒಣಗಿದ ಇಂಜಿನ್ನಿನ ಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಿ ಸ್ವಲ್ಪ ದೂರ ಓಡಿಸಿದರೆ, ಒಸರುವ ಗೆರೆ ಪೌಡರಿನ ಮೇಲೆ ಕಪ್ಪಾಗಿ ಮೂಡುತ್ತದೆ. ಆ ಗೆರೆಯ ಅತಿ ಮೇಲಿನ ತುದಿ ಬೇಕು, ಕೆಳಗಿನದಲ್ಲ. ಈಗ ಮಳೆಗಾಲ, ಅಂಗಳವೆಲ್ಲ ಒದ್ದೆ. ರಾತ್ರಿ ಮಾಡಿನಡಿ ನಿಲ್ಲಿಸಿ ಕೆಳಗೊಂದು ರಟ್ಟು ಹಾಸಿ, ಚಕ್ರಗಳ ಜಾಗವನ್ನು ಪೆನ್ನಿನಿಂದ ಗುರುತು ಮಾಡಿಡಿ. ಬೆಳಿಗ್ಗೆ ರಟ್ಟು ಮಾತನಾಡುತ್ತದೆ. ಕಂದು ಅಥವಾ ಕಪ್ಪು ಜಿಡ್ಡು ಇಂಜಿನ್ ಆಯಿಲ್. ಹಸಿರು, ಕೆಂಪು ಅಥವಾ ನೀಲಿ ಬಣ್ಣದ, ಸಿಹಿ ವಾಸನೆಯ ನೀರು ಕೂಲೆಂಟ್; ಇದು ವಿಷ, ಮಕ್ಕಳೂ ನಾಯಿಗಳೂ ಮುಟ್ಟದಂತೆ ಕೂಡಲೇ ತೊಳೆದುಬಿಡಿ. ಬಣ್ಣವೂ ವಾಸನೆಯೂ ಇಲ್ಲದ ನೀರಾದರೆ ಅದು ಎ.ಸಿ.ಯದು, ಚಿಂತೆ ಬೇಡ.

ಕೂಲೆಂಟ್ ಸ್ವಲ್ಪ ತುಂಟ. ಕೆಲವು ಹೋಸ್‌ಗಳು ತಣ್ಣಗಿರುವಾಗ ಮಾತ್ರ ಸೋರುತ್ತವೆ, ಬಿಸಿಯಾದೊಡನೆ ಹಿಗ್ಗಿ ಮುಚ್ಚಿಕೊಳ್ಳುತ್ತವೆ. ಕೆಲವು ಒತ್ತಡ ಏರಿದಾಗ ಮಾತ್ರ ಸೋರಿ, ಬಿಸಿ ಲೋಹದ ಮೇಲೆ ಆವಿಯಾಗಿ, ನೆಲಕ್ಕೆ ಒಂದು ತೊಟ್ಟೂ ಬೀಳುವುದಿಲ್ಲ. ಒಣಗಿದ ಬಣ್ಣದ ಹೊಪ್ಪಳೆ ಮಾತ್ರ ಉಳಿದಿರುತ್ತದೆ. ಗ್ಯಾರೇಜಿನಲ್ಲಿ ತಣ್ಣಗಿರುವ ರೇಡಿಯೇಟರಿಗೆ ಕೈಪಂಪಿನಿಂದ ಗಾಳಿಯ ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ, ಕೇಳಿ ಮಾಡಿಸಿ. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಯಾರೂ ತೆರೆಯಬೇಡಿ. ಜಗಳೂರಿನ ಬಯಲಿನಲ್ಲಿ ನೆರಳಿಲ್ಲದ ಕಡೆ ಕಾರು ಕುದಿದು ನಿಂತಾಗ ಅವಸರ ಪಡುವವರೇ ಹೆಚ್ಚು.

ಇನ್ನು ಬ್ರೇಕ್ ಆಯಿಲ್. ಮುಚ್ಚಿದ ದ್ರವಕ್ಕೆ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಸಮನಾಗಿ ತಲುಪುತ್ತದೆ ಎಂದು ತೋರಿಸಿದವರು 17ನೇ ಶತಮಾನದ ಪಾಸ್ಕಲ್. ಸೆಮಿನರಿಯಲ್ಲಿ ನಾವು ಅವರನ್ನು ತತ್ವಜ್ಞಾನಿಯೆಂದು ಓದಿದೆವು. 2023ರಲ್ಲಿ ಅವರ 400ನೇ ಜನ್ಮವರ್ಷಕ್ಕೆ ಅಂದಿನ ವಿಶ್ವಗುರು ಫ್ರಾನ್ಸಿಸ್ ಪ್ರೇಷಿತ ಪತ್ರವನ್ನೇ ಬರೆದರು. ನಮ್ಮ ಕಾಲು ಪೆಡಲ್ ಒತ್ತಿದರೆ ನಾಲ್ಕು ಚಕ್ರ ಹಿಡಿಯುವುದು ಅವರು ಹೇಳಿದ ಆ ನಿಯಮದಿಂದ. ನಿಯಮ ನಡೆಯಲು ದ್ರವ ಮುಚ್ಚಿಯೇ ಇರಬೇಕು.

ನಮ್ಮ ಧರ್ಮಕೇಂದ್ರದ ವಾಹನದಲ್ಲಿ ಬ್ರೇಕ್ ಆಯಿಲ್ ತಿಂಗಳು ತಿಂಗಳೂ ಇಳಿಯುತ್ತಿತ್ತು. ನೆಲದ ಮೇಲೆ ಏನೂ ಇಲ್ಲ, ಚಕ್ರಗಳ ಒಳಬದಿ ಒಣಗಿದೆ. ಪ್ಯಾಡ್ ಸವೆದರೂ ಮಟ್ಟ ಸ್ವಲ್ಪ ಇಳಿಯುತ್ತದೆ ಎಂದು ಒಂದು ಗ್ಯಾರೇಜಿನವರು ಆಯಿಲ್ ತುಂಬಿಸಿ ಕಳಿಸಿದರು. ಆ ಮಾತು ನಿಜವೇ, ಆದರೆ ಪ್ಯಾಡ್‌ಗಳು ಹೊಸವು. ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಬಂದು ಮಾಸ್ಟರ್ ಸಿಲಿಂಡರಿನ ಎರಡು ನಟ್ ಸಡಿಲಿಸಿ, ಅದನ್ನು ಬೆರಳಗಲ ಮುಂದಕ್ಕೆ ಎಳೆದು, ಹಿಂದೆ ಬಟ್ಟೆ ತೂರಿಸಿದರು. ಬಟ್ಟೆ ಒದ್ದೆಯಾಗಿ ಬಂತು. ಹಿಂಬದಿಯ ಸೀಲ್ ಸವೆದು ಆಯಿಲ್ ಬೂಸ್ಟರಿನ ಡಬ್ಬಿಯೊಳಗೆ ಸೇರುತ್ತಿತ್ತು. ಹೊರಗೆ ಒಂದು ತೊಟ್ಟೂ ಕಾಣದ ಸೋರಿಕೆ! ಅದೇ ವಾಹನದಲ್ಲಿ ಆ ತಿಂಗಳುಗಳಲ್ಲಿ ಪ್ರಥಮ ಪರಮಪ್ರಸಾದದ ಮಕ್ಕಳು ಓಡಾಡಿದ್ದರು.

ಆದ್ದರಿಂದ ನಿಮ್ಮ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇಳಿಯುತ್ತಿದ್ದರೆ, ಪೆಡಲ್ ಮೆತ್ತಗಾಗಿದ್ದರೆ, ಕಾರಣ ಸಿಗುವವರೆಗೆ ಆ ಕಾರು ಹರಿಹರಕ್ಕೆ ಬರುವುದು ಬೇಡ. ಬಸ್ಸಿನಲ್ಲಿ ಬನ್ನಿ, ಮಾತೆಗೆ ಅದರಿಂದ ಬೇಸರವಿಲ್ಲ. ಒಂಬತ್ತು ದಿನಗಳಿವೆ, ತೊಳೆದು, ಕಾದು, ನೋಡಲು ಅಷ್ಟು ಸಾಕು.

ಈಗ ಬಾನೆಟ್ ತೆರೆದು ಕಾರುಗಳ ಪಕ್ಕ ನಿಲ್ಲಿ. ಪವಿತ್ರ ಜಲ ಚಿಮುಕಿಸಿದ ಮೇಲೆ ಕೆಳಗೆ ಕಾಣುವ ನೀರನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಟ್ಟು ಇಲ್ಲದವರಿಗೆ ಮೇಣದಬತ್ತಿಯ ಖಾಲಿ ಪೆಟ್ಟಿಗೆಗಳು ದೇವಾಲಯದ ಹಿಂಬದಿಯಲ್ಲಿವೆ, ಮನೆಗೊಂದು ತೆಗೆದುಕೊಂಡು ಹೋಗಿ.