ಸ್ಕ್ಯಾನ್ ರಿಪೋರ್ಟಿನಲ್ಲಿ ‘ಹೈ ರಿಸ್ಕ್’ ಅಂತ ಬಂದ್ರೆ ಮುಂದೇನು?

ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ, ಎಲ್ಲೆಲ್ಲಿಂದಲೋ ನೋಡ್ತಿರೋ ಕನ್ನಡದವರಿಗೆ ಸ್ವಾಗತ. ಇವತ್ತಿನ ವಿಷಯ, ಗರ್ಭಿಣಿಯರ ಸ್ಕ್ಯಾನ್ ಮತ್ತು ಆನುವಂಶಿಕ ಕಾಯಿಲೆಗಳು. ಊರಲ್ಲಾಗಿದ್ರೆ ಅಮ್ಮನೋ ಅತ್ತೆಯೋ ಜೊತೆಗಿರ್ತಿದ್ರು. ಇಲ್ಲಿ ರಿಪೋರ್ಟು ವಾಟ್ಸಾಪ್‌ಗೆ ಪಿಡಿಎಫ್ ಆಗಿ ಬರುತ್ತೆ, ಗಂಡ ಹೆಂಡ್ತಿ ಇಬ್ಬರೇ ಕೂತು ಗೂಗಲ್ ಮಾಡ್ತಾರೆ. ಆ ರಾತ್ರಿ ನಿದ್ದೆ ಬರಲ್ಲ. ಅದಕ್ಕೇ ಒಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ: ಸ್ಕ್ರೀನಿಂಗ್ ಬೇರೆ, ಡಯಾಗ್ನೋಸಿಸ್ ಬೇರೆ.

ಮೊದಲು ಎನ್‌ಟಿ ಸ್ಕ್ಯಾನ್. ಇದನ್ನ 11 ವಾರದಿಂದ 13 ವಾರ 6 ದಿನದ ಒಳಗೆ ಮಾಡಿಸಬೇಕು. ಮಗುವಿನ ಕತ್ತಿನ ಹಿಂಭಾಗದಲ್ಲಿ ಚರ್ಮದ ಕೆಳಗಿರೋ ನೀರಿನ ದಪ್ಪ ಅಳೀತಾರೆ. ತಾಯಿಯ ವಯಸ್ಸು, ರಕ್ತದ ಡಬಲ್ ಮಾರ್ಕರ್ ಟೆಸ್ಟು ಎರಡನ್ನೂ ಸೇರಿಸಿ ಸಾಫ್ಟ್‌ವೇರ್ ಒಂದು ಲೆಕ್ಕ ಕೊಡುತ್ತೆ. ಡೌನ್ ಸಿಂಡ್ರೋಮ್‌ಗೆ ‘1:200, ಹೈ ರಿಸ್ಕ್’ ಅಂತ ಬಂತು ಅನ್ನಿ. ಅರ್ಥ ಏನು? ಇದೇ ಲೆಕ್ಕ ಬಂದ 200 ಗರ್ಭಿಣಿಯರಲ್ಲಿ ಸುಮಾರಾಗಿ ಒಬ್ಬರ ಮಗುವಿಗೆ ಇರಬಹುದು, 199 ಮಕ್ಕಳಿಗೆ ಇರಲ್ಲ. ನಮ್ಮ ಆಫೀಸಿನ ಭಾಷೇಲಿ ಹೇಳೋದಾದ್ರೆ ಇದು ಅಲರ್ಟ್. ಅಲರ್ಟ್ ಬಂದ ಮಾತ್ರಕ್ಕೆ ಸರ್ವರ್ ಬಿದ್ದಿದೆ ಅಂತಲ್ಲ, ಆದ್ರೆ ನೋಡದೆ ಮ್ಯೂಟ್ ಮಾಡೋ ಹಾಗೂ ಇಲ್ಲ.

ಮುಂದಿನ ಹೆಜ್ಜೆ ಏನು? ಎನ್‌ಐಪಿಟಿ ಅಂತ ರಕ್ತಪರೀಕ್ಷೆ ಇದೆ, 10 ವಾರದ ನಂತರ ಮಾಡಬಹುದು. ಡೌನ್ ಸಿಂಡ್ರೋಮ್ ಹಿಡಿಯೋದರಲ್ಲಿ ತುಂಬಾ ಚೆನ್ನಾಗಿದೆ. ಆದ್ರೆ ಅದು ನೋಡೋದು ಮುಖ್ಯವಾಗಿ ಮಾಸಿನಿಂದ, ಅಂದ್ರೆ ಪ್ಲಾಸೆಂಟಾದಿಂದ, ತಾಯಿಯ ರಕ್ತಕ್ಕೆ ಬಂದ ಡಿಎನ್ಎ. ಹಾಗಾಗಿ ಅದೂ ಸ್ಕ್ರೀನಿಂಗೇ. ಖಚಿತ ಉತ್ತರ ಬೇಕಂದ್ರೆ 11ರಿಂದ 14 ವಾರದಲ್ಲಿ ಸಿವಿಎಸ್, ಇಲ್ಲಾ 15 ವಾರ ಕಳೆದ ಮೇಲೆ ಆಮ್ನಿಯೋಸೆಂಟೆಸಿಸ್. ‘ಸೂಜಿ ಹಾಕಿದ್ರೆ ಗರ್ಭಪಾತ ಆಗುತ್ತೆ’ ಅಂತ ಹೆದರ್ತಾರೆ. ಅನುಭವಿ ಕೈಯಲ್ಲಿ ಆ ಅಪಾಯ ಶೇ. 1ಕ್ಕಿಂತ ಕಡಿಮೆ. ಎನ್‌ಟಿ 3.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ರೆ ಎನ್‌ಐಪಿಟಿಗೆ ನಿಲ್ಲಬೇಡಿ, ಇವುಗಳ ಬಗ್ಗೆ ನೇರವಾಗಿ ಕೇಳಿ. ಕ್ರೋಮೋಸೋಮ್ ಸರಿ ಇದ್ರೂ ಮಗುವಿನ ಹೃದಯದ ಸ್ಕ್ಯಾನ್ ಮಾಡಿಸಿ.

ಇದರ ಉಲ್ಟಾನೂ ನಿಜ. ಸ್ಕ್ಯಾನ್ ನಾರ್ಮಲ್ ಅಂದ ಮಾತ್ರಕ್ಕೆ ಎಲ್ಲಾ ಕಾಯಿಲೆ ಇಲ್ಲ ಅಂತಲ್ಲ. ಸ್ಕ್ಯಾನ್ ನೋಡೋದು ಆಕಾರ, ಜೀನ್ ಅಲ್ಲ. ಬೀಟಾ ಥಲಸ್ಸೀಮಿಯಾ ಮೇಜರ್ ಇರೋ ಮಗುವೂ ಸ್ಕ್ಯಾನಿನಲ್ಲಿ ಚೆನ್ನಾಗೇ ಕಾಣುತ್ತೆ. ಗಂಡ ಹೆಂಡ್ತಿ ಇಬ್ಬರೂ ವಾಹಕರಾಗಿದ್ರೆ ಪ್ರತಿ ಬಸಿರಲ್ಲೂ 4ರಲ್ಲಿ 1 ಸಾಧ್ಯತೆ. ಹುಟ್ಟಿದ ಮಗುವಿಗೆ ಆಗಾಗ ರಕ್ತ ಕೊಡಿಸ್ತಾನೇ ಇರಬೇಕು. ತಿಳ್ಕೊಳ್ಳೋದು ಸುಲಭ: ಹೆಚ್‌ಬಿಎ2 ಅಳೆಯೋ ಒಂದು ರಕ್ತಪರೀಕ್ಷೆ, ಮೊದಲ ತಿಂಗಳುಗಳಲ್ಲೇ. ನಮ್ಮ ಕಡೆ ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲಿ ಮದುವೆ ಆಗೋದುಂಟು. ಹೊರರಾಜ್ಯದ ಡಾಕ್ಟರಿಗೆ ಅದು ಹೊಳೆಯದೇ ಇರಬಹುದು. ಅವರು ಕೇಳದಿದ್ರೂ ನೀವೇ ಹೇಳಿ. ಒಂದೇ ದೋಷವಿರೋ ಜೀನ್ ಇಬ್ಬರಲ್ಲೂ ಇರೋ ಸಾಧ್ಯತೆ ಅಲ್ಲಿ ಹೆಚ್ಚು.

ಕೊನೇದಾಗಿ ಕಾಲ. 18ರಿಂದ 20 ವಾರದಲ್ಲಿ ಅನಾಮಲಿ ಸ್ಕ್ಯಾನ್. ಆನ್‌ಸೈಟು, ರಿಲೀಸು ಅಂತ ಮುಂದೂಡಬೇಡಿ. 2021ರ ತಿದ್ದುಪಡಿ ಪ್ರಕಾರ 20 ವಾರದವರೆಗೆ ಗರ್ಭಪಾತಕ್ಕೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ಕೆಲವು ಕಾರಣಗಳಿಗೆ ಮಾತ್ರ, ಇಬ್ಬರು ಡಾಕ್ಟರು ಬೇಕು. ಅದು ದಾಟಿದ್ರೆ, ಮಗುವಿನಲ್ಲಿ ಗಂಭೀರ ದೋಷ ಇದೆ ಅಂತ ಮೆಡಿಕಲ್ ಬೋರ್ಡ್ ಹೇಳಬೇಕು. ಒಪ್ಪಿಗೆ ವಯಸ್ಕ ಗರ್ಭಿಣಿಯದೇ. ಗಂಡನ ಸಹಿ, ಅತ್ತೆ ಮಾವನ ಸಹಿ ಕಾನೂನು ಕೇಳಲ್ಲ. ಮುಂದುವರಿಸ್ತೀನಿ ಅಂತ ಆಕೆ ಹೇಳಿದ್ರೂ ಅದು ಸರಿಯಾದ ತೀರ್ಮಾನವೇ. ಹೆರಿಗೆ ಎಲ್ಲಿ, ಮಗುವಿಗೆ ಯಾವ ಡಾಕ್ಟರು ಅಂತ ಮೊದಲೇ ಯೋಜನೆ ಮಾಡ್ಕೋಬಹುದು.

ರಿಪೋರ್ಟ್ ಹಿಡಿದು ಹೋದಾಗ ಮೂರು ಪ್ರಶ್ನೆ ಕೇಳಿ. ಇದು ಸ್ಕ್ರೀನಿಂಗಾ, ಡಯಾಗ್ನೋಸಿಸ್ಸಾ? ಖಚಿತ ಮಾಡೋಕೆ ಯಾವ ಟೆಸ್ಟು? ಅದಕ್ಕೆ ಎಷ್ಟು ದಿನ ಉಳಿದಿದೆ? ಈ ಮೂರಕ್ಕೂ ಉತ್ತರ ಸಿಗೋವರೆಗೆ, ಬರೀ ಒಂದು ರಿಸ್ಕ್ ನಂಬರ್ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ.