ತೊಟ್ಟಿಲು ಕೊಳ್ಳುವ ಮುನ್ನ

ಮನೆಗೆ ಕೂಸು ಬರುತ್ತದೆಂದು ಗೊತ್ತಾದ ಕೂಡಲೇ ಅಂಗಡಿಯ ಪಟ್ಟಿ ಬೆಳೆಯತೊಡಗುತ್ತದೆ. ಹೆರಿಗೆಗೆ ಮುಂಚೆ ಏನನ್ನೂ ಕೊಳ್ಳಬಾರದು ಎನ್ನುವ ಹಿರಿಯರು ಈಗಲೂ ಇದ್ದಾರೆ. ಅದು ಶಕುನದ ಭಯವೇ ಇರಲಿ, ಕೈ ಬಿಗಿಹಿಡಿಯುವುದಕ್ಕೆ ಒಳ್ಳೆಯ ನೆಪ! ಹಿಂದೆಲ್ಲ ತೊಟ್ಟಿಲು ಬಂಧುಗಳ ಅಟ್ಟದಿಂದ ಇಳಿದು ಬರುತ್ತಿತ್ತು. ಒಗೆದೊಗೆದು ಮೆತ್ತಗಾದ ಅಜ್ಜಿಯ ನೂಲಿನ ಸೀರೆಯೇ ಲಂಗೋಟಿ, ಅದೇ ಹೊದಿಕೆ. ಉತ್ತರ ಕರ್ನಾಟಕದಲ್ಲಾದರೆ ಕೌದಿ. ಹಾಗೆಂದು ಡೈಪರ್ ಬೇಡವೇ ಬೇಡ ಎನ್ನಲಾರೆ; ಒಗೆಯುವ ಕೈಗಳಿಗೂ ನೋವಿದೆ. ಹಗಲು ಬಟ್ಟೆ, ರಾತ್ರಿಗೆ, ಪ್ರಯಾಣಕ್ಕೆ ಡೈಪರ್ ಎಂದರೂ ಖರ್ಚು ಎಷ್ಟೋ ಇಳಿಯುತ್ತದೆ. ಮೊದಲ ಅಳತೆಯ ಅಂಗಿಗಳನ್ನಂತೂ ರಾಶಿ ಹಾಕಬೇಡಿ, ಕೆಲವೇ ವಾರಗಳಲ್ಲಿ ಬಿಗಿಯಾಗುತ್ತವೆ.

ಮೊದಲ 6 ತಿಂಗಳು ಎದೆಹಾಲೊಂದೇ ಸಾಕು, ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಲಿನ ಪುಡಿಯ ಜಾಹೀರಾತನ್ನೇ ನಮ್ಮ ದೇಶದ 1992ರ ಕಾಯ್ದೆ ನಿಷೇಧಿಸಿದೆ. ವೈದ್ಯರೇ ಪುಡಿ ಬೇಕೆಂದರೆ ಮಾತು ಬೇರೆ. ಆದರೆ ಎದೆಹಾಲು ಪುಕ್ಕಟೆ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಬಾಣಂತಿಯ ತಟ್ಟೆಗೆ ಬೇಳೆ, ಸೊಪ್ಪು, ಮೊಟ್ಟೆ ಬೀಳಬೇಕು, ಅವಳಿಗೆ ನಿದ್ದೆ ಸಿಗಬೇಕು. ಉಳಿಸಿದ ದುಡ್ಡು ಅಲ್ಲಿಗೆ ಹೋಗಲಿ.

ಬಿಸಿಜಿ, ಪೋಲಿಯೊದಂಥ ಲಸಿಕೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅರ್ಹ ತಾಯಂದಿರಿಗೆ ಮೊದಲ ಮಗುವಿಗೆ ಪ್ರಧಾನ ಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿಯೂ ಇದೆ. ಅರ್ಜಿಯ ವಿವರವನ್ನು ಊರಿನ ಅಂಗನವಾಡಿಯಲ್ಲೇ ಕೇಳಬಹುದು.